ಡಾಕ್ಟರ ಮುಂದೆ ಮನೆಮಾತು: ಕುರುಂದವಾಡ ಸೀಮೆಯ ರೋಗಿಗೊಂದು ಮಾಹಿತಿ

ರೋಗಿ ತನ್ನ ತೊಂದರೆಯನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವುದಕ್ಕೆ ವೈದ್ಯಶಾಸ್ತ್ರದಲ್ಲಿ ರೋಗಚರಿತ್ರೆ ಎಂದು ಹೆಸರು. ನಾಡಿ ನೋಡುವುದು, ಎದೆಗೆ ಸ್ಟೆಥಾಸ್ಕೋಪ್ ಇಡುವುದು, ರಕ್ತ ತೆಗೆಯುವುದು ಎಲ್ಲವೂ ಅದರ ನಂತರದ ಕೆಲಸ. ಕೊಲ್ಹಾಪುರ ಜಿಲ್ಲೆಯ ಕುರುಂದವಾಡ, ಇಚಲಕರಂಜಿ, ಗಡಹಿಂಗ್ಲಜ ಸುತ್ತಿನ ಕನ್ನಡ ಮನೆಗಳವರಿಗೆ ಈ ಹೇಳುವ ಕೆಲಸ ಇಮ್ಮಡಿ. ನೋವು ತಿಳಿಯುವುದು ಕನ್ನಡದಲ್ಲಿ, ಹೇಳಬೇಕಾದದ್ದು ಮರಾಠಿಯಲ್ಲಿ, ಚೀಟಿ ಬರುವುದು ಇಂಗ್ಲಿಷಿನಲ್ಲಿ. ಮೂರು ಭಾಷೆ ದಾಟುವಾಗ ಏನೇನು ಸೋರಿಹೋಗುತ್ತದೆ, ಸೋರದಂತೆ ಹಿಡಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಊರು ಮತ್ತು ದವಾಖಾನೆ

ಕುರುಂದವಾಡ ಶಿರೋಳ ತಾಲೂಕಿನ ಊರು. ಒಂದು ಕಾಲಕ್ಕೆ ಪಟವರ್ಧನರ ಸಂಸ್ಥಾನ. ಕೃಷ್ಣಾ, ಪಂಚಗಂಗಾ ಕೂಡುವ ನರಸೋಬಾವಾಡಿ ಪಕ್ಕದಲ್ಲೇ ಇದೆ. ಶಾಲೆ, ಕಚೇರಿ, ಪೇಟೆ ಎಲ್ಲ ಮರಾಠಿ. ಆದರೆ ಸುತ್ತಲ ಹಳ್ಳಿಗಳ ಬಹಳಷ್ಟು ಜೈನ ಮತ್ತು ಲಿಂಗಾಯತ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ವಯಸ್ಸಾದ ಹೆಣ್ಣುಮಕ್ಕಳಲ್ಲಂತೂ ಪೇಟೆಗೆ ಬೇಕಾದಷ್ಟು ಮರಾಠಿ ಬಂದರೂ ಮೈಯೊಳಗಿನದನ್ನು ಹೇಳುವಷ್ಟು ಬಾರದವರು ಇದ್ದಾರೆ.

ಸಣ್ಣ ಕಾಯಿಲೆಗೆ ಊರಿನ ಡಾಕ್ಟರು ಸಾಕು. ದೊಡ್ಡದಾದರೆ ಇಚಲಕರಂಜಿಯ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ, ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಕೊಲ್ಹಾಪುರದಲ್ಲಿ ಎಲ್ಲರೂ ಸಿಪಿಆರ್ ಎಂದು ಕರೆಯುವ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ. ಇಲ್ಲವೇ ಹೊಳೆಯಾಚೆ ಸಾಂಗಲಿ, ಮಿರಜ. ಮಿರಜಕ್ಕೆ ಹೋಗುವ ರೂಢಿ ಹಳೆಯದು. ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಮರಾಠಿ ಸೀಮೆಯವರ ಜೊತೆಗೆ ಕನ್ನಡ ಸೀಮೆಯ ರೋಗಿಗಳೂ ಆ ದಾರಿ ಹಿಡಿದರು. ಈ ಭಾಗದ ದವಾಖಾನೆಯ ಬಾಕಿನ ಮೇಲೆ ಎರಡೂ ಭಾಷೆ ಒಟ್ಟಿಗೆ ಕೂತು ನೂರು ವರ್ಷದ ಮೇಲಾಯಿತು.

ಮಾತೇ ಮೊದಲ ತಪಾಸಣೆ

ಯಂತ್ರಗಳು ಇಷ್ಟೊಂದಿರುವಾಗ ರೋಗಿ ಹೇಳುವುದಕ್ಕೆ ಏನು ಬೆಲೆ ಎಂದು ಅನ್ನಿಸಬಹುದು. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಹೊರರೋಗಿಗಳಾಗಿ ಬಂದ 80 ಮಂದಿಯಲ್ಲಿ 66 ಮಂದಿಯ ವಿಷಯದಲ್ಲಿ, ಅವರ ಕಥೆ ಕೇಳಿ, ಕಳಿಸಿದ ಡಾಕ್ಟರರ ಪತ್ರ ಓದಿದಾಗಲೇ ವೈದ್ಯರು ಮಾಡಿದ ಅಂದಾಜು ಕೊನೆಗೂ ನಿಜವಾಯಿತು. ಮೈ ಮುಟ್ಟಿ ನೋಡಿದ್ದು, ಲ್ಯಾಬಿಗೆ ಕಳಿಸಿದ್ದು ಉಳಿದ ಸ್ವಲ್ಪ ಮಂದಿಯ ವಿಷಯದಲ್ಲಷ್ಟೇ ಅಂದಾಜನ್ನು ಬದಲಿಸಿತು.

ಆದರೆ ಹೇಳಲು ಸಿಗುವ ಹೊತ್ತು ಕಡಿಮೆ. ಹಲವು ದೇಶಗಳ ಲೆಕ್ಕ ಕೂಡಿಸಿ 2017ರಲ್ಲಿ ಬಂದ ಸಮೀಕ್ಷೆಯಲ್ಲಿ ಸ್ವೀಡನ್ನಿನ ಡಾಕ್ಟರು ಒಬ್ಬ ರೋಗಿಗೆ ಸರಾಸರಿ 22 ನಿಮಿಷ ಕೊಟ್ಟರೆ ಭಾರತದಲ್ಲಿ ಸಿಗುವುದು ಸುಮಾರು 2 ನಿಮಿಷ. ಅದರಲ್ಲೂ ಡಾಕ್ಟರು ನಡುವೆ ಬಾಯಿ ಹಾಕುತ್ತಾರೆ. 1984ರ ಒಂದು ಅಮೆರಿಕನ್ ಅಧ್ಯಯನದಲ್ಲಿ ರೋಗಿಯ ಮೊದಲ ಮಾತು ಸರಾಸರಿ 18 ಸೆಕೆಂಡಿಗೆ ತುಂಡಾಗಿತ್ತು. ಸ್ವಿಟ್ಜರ್‌ಲೆಂಡಿನಲ್ಲಿ ನಡುವೆ ಮಾತಾಡದೆ ಕೇಳಿ ನೋಡಿದಾಗ ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವಾಗಿಯೇ ಮಾತು ಮುಗಿಸಿದರು. ಎಲ್ಲ ಹೇಳಲು ಒಂದೂವರೆ ನಿಮಿಷ ಸಾಕು, ಆದರೆ ಆ ಒಂದೂವರೆ ನಿಮಿಷ ಸಿಕ್ಕೀತೆಂಬ ಭರವಸೆ ಇಲ್ಲ. ಆದ್ದರಿಂದ ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಬರಬೇಕು.

ಒಂದು ಮಾತು ದಾರಿ ತಪ್ಪುವ ಬಗೆ

ಈ ಭಾಗದ ಯಾವ ದವಾಖಾನೆಯಲ್ಲೂ ನಡೆಯಬಹುದಾದ ಒಂದು ಸನ್ನಿವೇಶ ನೋಡಿ. ಅಜ್ಜಿಯನ್ನು ಮಗ ಬೈಕಿನ ಮೇಲೆ ಕರೆತಂದಿದ್ದಾನೆ. ಕೇಸ್‌ಪೇಪರ್ ಮಾಡಿಸಿ, ನಂಬರ್ ಹಚ್ಚಿ, ಒಂದು ತಾಸು ಕಾದು ಒಳಗೆ ಹೋಗಿದ್ದಾರೆ.

"ಕಾಯ್ ಹೋತಂಯ, ಆಜೀ?" ಎಂದು ಡಾಕ್ಟರು ಕೇಳುತ್ತಾರೆ.

ಅಜ್ಜಿ ಮಗನ ಕಡೆ ತಿರುಗಿ, "ಭಾಳ ದಣಿವಾಗತೈತಪಾ, ಕೆಲಸಾನ ಆಗವಲ್ದು" ಎನ್ನುತ್ತಾಳೆ.

ಮಗ ಅದನ್ನು "ಅಶಕ್ತಪಣಾ ಆಹೇ" ಎಂದು ದಾಟಿಸುತ್ತಾನೆ. ಅಂದರೆ ನಿಶ್ಶಕ್ತಿ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ ಕಬ್ಬಿಣಾಂಶದ ಗುಳಿಗೆ, ಒಂದು ಟಾನಿಕ್ ಬರೆಯುತ್ತಾರೆ.

ಅಜ್ಜಿ ಹೇಳಿದ ದಣಿವು ಬೇರೆಯೇ ಆಗಿತ್ತು. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಹೊಳೆಯ ಮೆಟ್ಟಿಲನ್ನು ಈಗ ನಡುವೆ ಎರಡು ಸಲ ನಿಂತು, ಏದುಸಿರು ಬಿಟ್ಟು ಹತ್ತಬೇಕು. ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಬೇಕು. ಸಂಜೆಗೆ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತದೆ. ಈ ಮೂರು ಮಾತು ಡಾಕ್ಟರ ಕಿವಿಗೆ ಬಿದ್ದಿದ್ದರೆ ಮೊದಲು ಹೃದಯದ ತಪಾಸಣೆಗೆ ಬರೆಯುತ್ತಿದ್ದರು. ಅಜ್ಜಿ ಸುಳ್ಳು ಹೇಳಲಿಲ್ಲ, ಮಗ ತಪ್ಪು ಮಾಡಬೇಕೆಂದು ಮಾಡಲಿಲ್ಲ, ಡಾಕ್ಟರು ಅಸಡ್ಡೆಯಿಂದ ನೋಡಲೂ ಇಲ್ಲ. 'ದಣಿವು' ಎಂಬ ಒಂದು ಪದ ದಾರಿಯಲ್ಲಿ ಅರ್ಥ ಬದಲಿಸಿತು, ಅಷ್ಟೆ.

ಇದಕ್ಕೆ ಪರಿಹಾರ ಹೆಚ್ಚು ಮರಾಠಿ ಕಲಿಯುವುದಲ್ಲ. ಕಾಯಿಲೆಯ ಹೆಸರು ಬಿಟ್ಟು ಸಂಗತಿ ಹೇಳುವುದು. "ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲಬೇಕು" ಎಂಬ ಮಾತು ಯಾವ ಭಾಷೆಗೆ ದಾಟಿದರೂ ಕೆಡುವುದಿಲ್ಲ. 'ಗ್ಯಾಸ್', 'ಪಿತ್ತ', 'ವಾಯು' ಎಂಬ ಮಾತುಗಳೂ ಹೀಗೆಯೇ. ಅವು ಲಕ್ಷಣಗಳಲ್ಲ, ನಾವೇ ಕೊಟ್ಟ ತೀರ್ಪು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತವೂ ಗ್ಯಾಸಿನ ವೇಷದಲ್ಲಿ ಬರುವುದುಂಟು. ಎಲ್ಲಿ, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂಬಷ್ಟು ಹೇಳಿ ತೀರ್ಪನ್ನು ಡಾಕ್ಟರಿಗೆ ಬಿಡುವುದು ಮೇಲು.

ನೋವಿನ ಹೆಸರು: ಇಲ್ಲಿಯದು, ಅಲ್ಲಿಯದು

ನೋವಿನ ಬಗೆ ತಿಳಿದರೆ ಡಾಕ್ಟರಿಗೆ ಅರ್ಧ ದಾರಿ ಸಿಕ್ಕಂತೆ. ದವಾಖಾನೆಯಲ್ಲಿ ಪದೇ ಪದೇ ಬೇಕಾಗುವ ಕೆಲವು ಜೋಡಿ ಪದಗಳು ಇವು:

• ಉರಿ: ಮರಾಠಿಯಲ್ಲಿ 'ಜಳಜಳ'. ಎದೆಯುರಿಗೂ ಉರಿಮೂತ್ರಕ್ಕೂ ಇದೇ ಪದ, ಆದ್ದರಿಂದ ಜಾಗ ತೋರಿಸಬೇಕು.
• ಫಕ್ಕನೆ ಸೆಳೆದು ಹೋಗುವ ನೋವು: 'ಚಮಕ'.
• ನಾಡಿಯ ಜೊತೆ ಮಿಡಿಯುವ ನೋವು: 'ಠಣಕಣೆ'. ಕೀವು ತುಂಬಿದ ಗಾಯ, ಹಲ್ಲಿನ ಬೇರಿನ ನೋವು ಹೀಗಿರುತ್ತದೆ.
• ಜೋಮು, ಇರುವೆ ಹರಿದಂತಾಗುವುದು: 'ಮುಂಗ್ಯಾ', ಅಂದರೆ ಇರುವೆಗಳೇ. ಸ್ಪರ್ಶವೇ ತಿಳಿಯದಿದ್ದರೆ 'ಬಧಿರಪಣಾ'. ಶುಗರ್ ಇದ್ದವರು ಇವೆರಡರ ವ್ಯತ್ಯಾಸ ಹೇಳಲೇಬೇಕು.
• ಓಕರಿಕೆ: 'ಮಳಮಳ'. ವಾಂತಿ ಆಗಿಯೇಬಿಟ್ಟರೆ 'ಉಲಟಿ'.
• ತಲೆ ತಿರುಗುವುದು: 'ಚಕ್ಕರ್'. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುವುದು 'ಅಂಧಾರೀ'. ಮನೆ ಗರಗರ ತಿರುಗಿದಂತಾಗುವುದು ಒಂದು, ಕತ್ತಲೆ ಬರುವುದು ಇನ್ನೊಂದು. ಎರಡರ ಕಾರಣವೂ ಬೇರೆ.
• ಏದುಸಿರು: 'ಧಾಪ'.
• ಕಾಮಣಿ: 'ಕಾವೀಳ'.
• ನಡ ನೋವು: 'ಕಂಬರ್' ನೋವು.
• ಬಾವು: 'ಸೂಜ್'. ಕನ್ನಡದ ಕಿವಿಗೆ ಇದು ಸೂಜಿ ಎಂದು ಕೇಳಿಸುವ ಸಂಭವ ಉಂಟು. ಡಾಕ್ಟರು ಬಾವು ಇದೆ ಎನ್ನುವಾಗ ಅಜ್ಜಿ ಇಂಜೆಕ್ಷನ್ನಿಗೆ ತೋಳು ಮೇಲೆತ್ತಿದರೆ ನಗಬೇಡಿ.
• ಮುಟ್ಟು: 'ಪಾಳೀ'. ಬಿಳಿ ಹೋಗುವುದು: 'ಅಂಗಾವರೂನ್ ಪಾಂಢರಂ ಜಾಣಂ'.

ಕೆಲವು ಕಡೆ ಕನ್ನಡವೇ ಅಗಲವಾಗಿದೆ. 'ಕಾಲು' ಎಂದರೆ ತೊಡೆಯಿಂದ ಬೆರಳ ತುದಿಯವರೆಗೆ, 'ಕೈ' ಎಂದರೆ ಭುಜದಿಂದ ಕೆಳಗೆಲ್ಲ, 'ಹೊಟ್ಟೆ' ಎಂದರೆ ಪಕ್ಕೆಲುಬಿನ ಕೆಳಗಿನದೆಲ್ಲ. ಹೆಂಗಸರು ನಾಚಿಕೆಗೆ ಮೊಲೆಯನ್ನೂ 'ಎದೆ' ಎನ್ನುತ್ತಾರೆ. ಮರಾಠಿಯ 'ಛಾತೀ'ಗೂ ಅದೇ ಇಬ್ಬಗೆ. 'ಎದ್ಯಾಗ ನೋವೈತ್ರಿ' ಎಂದಾಗ ಡಾಕ್ಟರು ಇಸಿಜಿಗೆ ಕಳಿಸಿ, ಮೊಲೆಯ ಗಂಟು ಗಂಟಾಗಿಯೇ ಉಳಿದೀತು. ಇಂಥ ಕಡೆ ಪದಕ್ಕಿಂತ ಬೆರಳು ದೊಡ್ಡದು. ಒಂದೇ ಬೆರಳಿನಿಂದ ಜಾಗ ಮುಟ್ಟಿ ತೋರಿಸಿ.

ಕೇಳದಿದ್ದರೂ ಹೇಳಬೇಕಾದದ್ದು

ಈ ಸೀಮೆಯ ಕೆಲಸ, ನೀರು, ಊಟ ಮೂರೂ ಕಾಯಿಲೆಯ ಸುಳಿವು ಕೊಡುತ್ತವೆ. ಎರಡು ನಿಮಿಷದಲ್ಲಿ ಡಾಕ್ಟರು ಇವನ್ನೆಲ್ಲ ಕೇಳುತ್ತಾರೆಂದು ಕಾಯಬಾರದು.

ಕೆಲಸ. ಇಚಲಕರಂಜಿಯ ಪವರ್‌ಲೂಮ್, ನೂಲಿನ ಗಿರಣಿಗಳಲ್ಲಿ ದುಡಿಯುವವರು ಕೆಮ್ಮು ಎಂದಷ್ಟೇ ಹೇಳಿ ಬರುತ್ತಾರೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಪುಪ್ಪುಸದ ಕಾಯಿಲೆಗೆ ಒಂದು ಗುರುತು ಇದೆ. ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಮುಂದಿನ ದಿನಗಳಲ್ಲಿ ಸಡಿಲವಾಗುತ್ತದೆ. 'ರಜೆಯ ಮರುದಿನ ಹೆಚ್ಚು' ಎಂಬ ಎರಡು ಮಾತು ಎಕ್ಸ್‌ರೇಗಿಂತ ಮೊದಲೇ ದಾರಿ ತೋರಬಹುದು. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಕಿವಿ ಮಂದವಾಗುವುದೂ ಇದೆ. ಕಬ್ಬು, ದ್ರಾಕ್ಷಿ, ತರಕಾರಿಗೆ ಔಷಧ ಹೊಡೆಯುವವರು ಯಾವ ಔಷಧ, ಎಂದು ಹೊಡೆದದ್ದು ಎಂದು ಹೇಳಬೇಕು. ಡಬ್ಬಿಯ ಲೇಬಲ್ಲಿನ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ನೀರು. 2005, 2019, 2021ರ ಮಹಾಪೂರಗಳಲ್ಲಿ ಶಿರೋಳ ತಾಲೂಕಿನ ಊರುಗಳು ನೀರಿನಲ್ಲಿ ನಿಂತಿದ್ದವು. ನೆರೆಯ ನೀರಿನಲ್ಲಿ, ಕೆಸರಿನಲ್ಲಿ ಕಾಲಿಟ್ಟವರಿಗೆ ಮುಂದಿನ ಮೂರು ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಇಲಿಜ್ವರದ ಸಂಶಯ ಬರಬೇಕು. ನೀರಿಗೆ ಇಳಿದದ್ದನ್ನು ಹೇಳದಿದ್ದರೆ ಅದು ಬರೀ ಜ್ವರ. ಕಾಮಣಿಯ ಲಕ್ಷಣ ಕಂಡರೆ ಕುಡಿಯುವ ನೀರು ಎಲ್ಲಿಯದೆಂದು ಹೇಳಿ. 2012ರಲ್ಲಿ ಇಚಲಕರಂಜಿಯಲ್ಲಿ ಕೆಟ್ಟ ನೀರಿನಿಂದ ಕಾಮಣಿ ಹರಡಿ ಜೀವಗಳು ಹೋದದ್ದು ಹಳೆಯ ಕಥೆಯಲ್ಲ. ಗರ್ಭಿಣಿಯರಿಗಂತೂ ಈ ಕಾಯಿಲೆ ಬಹಳ ಅಪಾಯದ್ದು.

ಊಟ, ವ್ರತ. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜೈನ ಮನೆಗಳು ಇಲ್ಲಿ ಬಹಳ. 'ರಾತ್ರಿ ಊಟದ ನಂತರ ಒಂದು' ಎಂದು ಬರೆದ ಗುಳಿಗೆಯನ್ನು ಅವರು ಯಾವಾಗ ನುಂಗಬೇಕು? ಸಂಜೆ ಆರಕ್ಕೆ ಉಂಡು, ಮರುದಿನ ಬೆಳಗಿನವರೆಗೆ ಏನೂ ಮುಟ್ಟದವರಿಗೆ ಶುಗರಿನ ಗುಳಿಗೆ ಅದೇ ಪ್ರಮಾಣದಲ್ಲಿ ಕೊಟ್ಟರೆ ನಡುರಾತ್ರಿ ಶುಗರ್ ಇಳಿದೀತು. ಭಾದ್ರಪದದ ದಶಲಕ್ಷಣದ ಉಪವಾಸ, ಶ್ರಾವಣ ಸೋಮವಾರ, ರಮಜಾನಿನ ರೋಜಾ, ಯಾವುದೇ ಆಗಲಿ, ಮೊದಲೇ ಹೇಳಿದರೆ ಡಾಕ್ಟರು ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿ ಕೊಡುತ್ತಾರೆ. ಹೇಳದೆ ತಾವೇ ಗುಳಿಗೆ ಬಿಡುವುದು ಅಪಾಯ.

ಮಿಶ್ರಿ. ತಂಬಾಕು ಸುಟ್ಟು ಪುಡಿಮಾಡಿ ಹಲ್ಲಿಗೆ ಉಜ್ಜುವ ಮಿಶ್ರಿ ಈ ಕಡೆಯ ಹೆಂಗಸರಲ್ಲಿ ಹಳೆಯ ರೂಢಿ. "ತಂಬಾಕು ತಿಂತೀರೇನು?" ಎಂದು ಕೇಳಿದರೆ "ಇಲ್ರಿ" ಎನ್ನುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಹಲ್ಲಿನ ಪುಡಿ. ಬಾಯಿಯ ಒಳಗೆ ಬಿಳಿ ಕಲೆ, ಮಾಯದ ಹುಣ್ಣು, ಖಾರ ತಡೆಯದ ಉರಿ ಇದ್ದರೆ ಮಿಶ್ರಿಯ ಹೆಸರೆತ್ತಿಯೇ ಹೇಳಬೇಕು.

ಇತರ ಔಷಧ. ನಾಟಿ ಔಷಧ, ಭಸ್ಮ, ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ನೋವಿನ ಗುಳಿಗೆ ಯಾವುದನ್ನೂ ಮುಚ್ಚಿಡಬಾರದು. ದಿನಾ ತಿನ್ನುವ ನೋವಿನ ಗುಳಿಗೆ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಬೈಗುಳಕ್ಕೆ ಅಂಜಿ ಮುಚ್ಚಿಟ್ಟದ್ದು ರಕ್ತ ತಪಾಸಣೆಯಲ್ಲಿ ಹೊರಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಹೊಸ್ತಿಲ ಮಾತು

ಚೀಟಿ ಬರೆಸಿಕೊಂಡು, ಚಪ್ಪಲಿ ಹಾಕಿಕೊಂಡು, ಬಾಗಿಲ ಪರದೆ ಸರಿಸುವಾಗ ರೋಗಿ ತಿರುಗಿ ನಿಲ್ಲುತ್ತಾನೆ: "ಮತ್ತ ಇನ್ನೊಂದ್ ಇತ್ರಿ..." ಬಂದ ನಿಜವಾದ ಕಾರಣ ಹಲವು ಸಲ ಅದೇ ಆಗಿರುತ್ತದೆ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಂಡ ರಕ್ತ, ಗುಪ್ತಾಂಗದ ಹುಣ್ಣು, ಗಂಡಹೆಂಡತಿಯ ನಡುವಿನ ತೊಂದರೆ, ಗರ್ಭಕೋಶ ಕೆಳಗೆ ಜಾರುವುದು, ಕೆಮ್ಮಿದರೆ ಸೀರೆ ಒದ್ದೆಯಾಗುವುದು. ಜಗತ್ತಿನ ಎಲ್ಲ ಕಡೆಯ ಡಾಕ್ಟರರಿಗೂ ಈ ಹೊಸ್ತಿಲ ಮಾತು ಗೊತ್ತು. ಆದರೆ ಆ ಹೊತ್ತಿಗೆ ಮುಂದಿನ ನಂಬರಿನವರು ಒಳಗೆ ಬಂದಾಗಿರುತ್ತದೆ.

ಬಾಯಿಗೆ ಬಾರದ ಮಾತನ್ನು ಚೀಟಿಯಲ್ಲಿ ಬರೆದು ಕೊಡಬಹುದು. "ಒಂದು ನಾಚಿಕೆಯ ವಿಷಯ ಐತ್ರಿ, ಒಬ್ಬರ ಹತ್ರಾನ ಹೇಳಬೇಕು" ಎಂದರೆ ಸಾಕು, ಉಳಿದದ್ದನ್ನು ಡಾಕ್ಟರೇ ಕೇಳುತ್ತಾರೆ. ಲೇಡಿ ಡಾಕ್ಟರ್ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಗಂಡಸು ಡಾಕ್ಟರು ಪರೀಕ್ಷಿಸುವಾಗ ಜೊತೆಗೆ ಒಬ್ಬ ಹೆಂಗಸು ಇರಬೇಕೆಂದು ಕೇಳುವುದು ರೋಗಿಯ ಹಕ್ಕು.

ನಿದ್ದೆ ಬಾರದಿರುವುದು, ಬದುಕು ಬೇಸರವಾಗಿರುವುದು, ನೆರೆಯಲ್ಲಿ ಬೆಳೆ ಹೋದ ಮೇಲೆ ಮನೆಯವರು ಮಂಕಾಗಿರುವುದು ಕೂಡ ಡಾಕ್ಟರಿಗೆ ಹೇಳುವ ವಿಷಯವೇ. 'ತಲೆನೋವು' ಎಂದು ಬಂದವರ ಒಳಗೆ ಇದೇ ಇರುವುದುಂಟು. ಎದುರು ಕೂತು ಹೇಳಲಾಗದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಜೊತೆಗೆ ಬಂದವರು

ಜೊತೆಗೊಬ್ಬರು ಇದ್ದರೆ ಧೈರ್ಯ, ನೆನಪಿಗೂ ಆಸರೆ. ಆದರೆ ದಾಟಿಸುವವರು ಸೋಸಬಾರದು. ಅತ್ತೆಯ ಮುಂದೆ ಸೊಸೆ, ಮಗನ ಮುಂದೆ ತಾಯಿ, ಗಂಡನ ಮುಂದೆ ಹೆಂಡತಿ ಅರ್ಧ ಮಾತು ನುಂಗುತ್ತಾರೆ. ಶಾಲೆಯಲ್ಲಿ ಮರಾಠಿ ಕಲಿತ ಹತ್ತು ವರ್ಷದ ಮೊಮ್ಮಗಳನ್ನು ದುಭಾಷಿ ಮಾಡಿಕೊಂಡು ಅಜ್ಜಿ ತನ್ನ ಮೈಯ ಗುಟ್ಟು ಹೇಳುವಂತಿಲ್ಲ. ಇಂಥ ವಿಷಯಕ್ಕೆ ಕನ್ನಡ ಬಲ್ಲ ಸಿಸ್ಟರ್, ಆಶಾ ಕಾರ್ಯಕರ್ತೆ, ಓರಗೆಯ ಗೆಳತಿ ಮೇಲು. ಗಡಿಭಾಗದ ದವಾಖಾನೆಗಳಲ್ಲಿ ಕನ್ನಡ ತಿಳಿಯುವವರು ಒಬ್ಬರಾದರೂ ಇರಬಹುದು. ಕೇಸ್‌ಪೇಪರ್ ಮಾಡಿಸುವಾಗಲೇ ವಿಚಾರಿಸಿ. ಜೊತೆಗಾರರಿಗೆ ಒಂದೇ ನಿಯಮ: ಅವರು ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿ, ನಿಮ್ಮ ಅಭಿಪ್ರಾಯ ಕೊನೆಗೆ ಬೇರೆಯಾಗಿ ಹೇಳಿ.

ಏಳುವ ಮುನ್ನ

ಡಾಕ್ಟರು ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟು ತಕ್ಷಣವೇ ಮರೆತುಹೋಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಕುರ್ಚಿ ಬಿಡುವ ಮುನ್ನ ತಿರುಗಿ ಒಪ್ಪಿಸಿ: "ಅಂದ್ರ ಇದು ಮುಂಜಾನೆ ಉಣ್ಣೂಕಿಂತ ಮೊದಲ, ಇದು ರಾತ್ರಿ, ಐದ್ ದಿನ. ಜ್ವರ ಇಳೀಲಿಲ್ಲಂದ್ರ ಮತ್ತ ಬರಬೇಕು, ಹೌದಲ್ರಿ?" ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಬಹುದು. ಕೇಳಬೇಕಾದ ಪ್ರಶ್ನೆ ಮೂರು: ನನಗೆ ಆಗಿರುವುದೇನು? ನಾನೇನು ಮಾಡಬೇಕು? ಏನಾದರೆ ಕಾಯದೆ ಓಡಿ ಬರಬೇಕು?

"ಒಂದು ಸೂಜಿ ಮಾಡ್ರಿ, ಸಲಾಯಿನ್ ಹಚ್ರಿ" ಎಂದು ನಾವೇ ಒತ್ತಾಯಿಸುವ ಚಾಳಿಯನ್ನೂ ಬಿಡಬೇಕು. ಬಾಯಿಂದ ನುಂಗಲಾಗುವವರಿಗೆ ಹೆಚ್ಚಿನ ಕಾಯಿಲೆಗಳಲ್ಲಿ ಗುಳಿಗೆಯೇ ಸಾಕು.

ಹಕ್ಕು ಮತ್ತು ಸೌಲಭ್ಯ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಯ 17 ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿತು. ತನಗೆ ತಿಳಿಯುವ ಭಾಷೆಯಲ್ಲಿ ಕಾಯಿಲೆಯ ವಿವರ ಪಡೆಯುವುದು, ಗುಟ್ಟು ಕಾಯುವಿಕೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಅದರಲ್ಲಿವೆ. 2002ರ ವೈದ್ಯಕೀಯ ನೀತಿ ನಿಯಮದಂತೆ ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಇನ್ನೊಂದು ಮಾತು ಸ್ಪಷ್ಟಪಡಿಸಿತು: ತುರ್ತು ಅಲ್ಲದ ಶಸ್ತ್ರಚಿಕಿತ್ಸೆಗೆ ವಯಸ್ಕ, ತಿಳಿವಳಿಕೆಯುಳ್ಳ ರೋಗಿಯ ಒಪ್ಪಿಗೆಯೇ ಬೇಕು, ತಾಯಿಯ ಸಹಿ ಅದರ ಬದಲಿಗೆ ಸಲ್ಲದು.

ಖರ್ಚಿನ ಅಂಜಿಕೆಯಿಂದ ಕಾಯಿಲೆ ಮುಚ್ಚಿಡುವವರೂ ಇದ್ದಾರೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ 'ಆರೋಗ್ಯಮಿತ್ರ' ಎಂಬ ಸಿಬ್ಬಂದಿಯ ಮೇಜು ಇರುತ್ತದೆ. ರೇಷನ್ ಕಾರ್ಡು, ಆಧಾರ್ ತೋರಿಸಿ ವಿಚಾರಿಸಿದರೆ ಯಾವ ಚಿಕಿತ್ಸೆ ಪುಕ್ಕಟೆ ಎಂದು ತಿಳಿಸುತ್ತಾರೆ. ದುಡ್ಡಿನ ಅಡಚಣೆಯನ್ನು ಡಾಕ್ಟರಿಗೂ ಹೇಳಿ, ಅಗ್ಗದ ಜನೆರಿಕ್ ಗುಳಿಗೆ ಬರೆದುಕೊಡಲು ಬರುತ್ತದೆ.

ನಂಬರ್ ಹಚ್ಚಿ ಕಾಯಬಾರದ್ದು

ಎದೆ ಹಿಂಡಿದಂತಾಗಿ ಬೆವರು ಬಂದರೆ, ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಸಾಲಿನಲ್ಲಿ ಕೂರುವಂತಿಲ್ಲ, 108ಕ್ಕೆ ಕರೆ ಮಾಡಬೇಕು. ಲಕ್ವಾದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧ ಕೊಡಲು ಇರುವ ಅವಧಿ ನಾಲ್ಕೂವರೆ ತಾಸು. ಆದ್ದರಿಂದ 'ಯಾವಾಗ ಶುರುವಾಯಿತು' ಎಂಬ ಗಡಿಯಾರದ ಹೊತ್ತೇ ಅಲ್ಲಿ ಹೇಳಬೇಕಾದ ಮೊದಲ ಮಾತು.

ಹಿಂದಿನ ರಾತ್ರಿಯ ಮೂರು ಸಾಲು

ಉಳಿದ ಎಲ್ಲ ಕಾಯಿಲೆಗೂ ಸಿದ್ಧತೆ ಹಿಂದಿನ ರಾತ್ರಿ ಹತ್ತು ನಿಮಿಷದ್ದು. ಹಳೆಯ ಕೇಸ್‌ಪೇಪರ್, ರಿಪೋರ್ಟು, ತಿನ್ನುತ್ತಿರುವ ಎಲ್ಲ ಗುಳಿಗೆಯ ಪಟ್ಟಿ ಒಂದೇ ಚೀಲದಲ್ಲಿ ಹಾಕಿಡಿ. ಮಕ್ಕಳ ನೋಟುಬುಕ್ಕಿನ ಹಾಳೆಯೊಂದರಲ್ಲಿ ಮೂರು ಸಾಲು ಬರೆಯಿರಿ, ಬರೆಯಲು ಬಾರದಿದ್ದರೆ ಬರೆಸಿ. ಎರಡನೆಯ ಸಾಲಿನಲ್ಲಿ ತೊಂದರೆ ಯಾವಾಗಿನಿಂದ ಎಂದಿರಲಿ. ಮೂರನೆಯದರಲ್ಲಿ ನಿಮ್ಮ ಕೆಲಸ, ವ್ರತ, ಚಟ. ಮೊದಲನೆಯ ಸಾಲಿನಲ್ಲಿ ಮಾತ್ರ ನಿಮ್ಮ ನಿದ್ದೆ ಕೆಡಿಸಿರುವ ಸಂಗತಿಯೇ ಇರಲಿ. ಕನ್ನಡದಲ್ಲೇ ಇರಲಿ. ಒಳಗೆ ಹೋದ ಕೂಡಲೇ ಆ ಸಾಲನ್ನೇ ಮೊದಲು ಹೇಳಿ.